ಅವನ ಹೆಂಡತಿಗೆ ಕಾರು ಕಲಿಸಿದ್ದು

ಅವನು ನಮ್ಮ ಕಾಲೇಜಿನಲ್ಲಿ ವಿಭಾಗದ ಮುಖ್ಯಸ್ಥ, ನಾನು ಉಪನ್ಯಾಸಕಿ. ಹೆಂಡತಿಯಿಂದ ದೂರವಾಗಿದ್ದೇನೆ, ಡೈವೋರ್ಸ್ ಕೇಸು ನಡೆಯುತ್ತಿದೆ ಎಂದು ಹೇಳಿದ್ದ. ನಂಬಿದೆ. ನಂಬಿ ಪ್ರೀತಿಸಿದೆ.

ಒಂದು ಮಧ್ಯಾಹ್ನ ಅವನ ಹೆಂಡತಿ ಸ್ಟಾಫ್ ರೂಮಿಗೆ ನುಗ್ಗಿ, ಎಲ್ಲರೆದುರು ನನ್ನ ಕೆನ್ನೆಗೆ ಹೊಡೆದಳು. ನಾನು ಅವನ ಮುಖ ನೋಡಿದೆ.

"ಎಷ್ಟು ಹೇಳಿದ್ರೂ ಇವ್ರು ನನ್ ಬಿಡ್ಲಿಲ್ಲ. ನಾನೇ ಕಂಪ್ಲೇಂಟ್ ಕೊಡೋಣ ಅಂತಿದ್ದೆ" ಎಂದ. ಅವನ ಮುಂದೆ ಅರ್ಧ ತಿಂದ ಚಿತ್ರಾನ್ನದ ಡಬ್ಬಿ ಇತ್ತು. ಬೆಳಿಗ್ಗೆ ಎದ್ದು ನಾನು ಮಾಡಿ ತಂದಿದ್ದು.

ಕೆಲಸ ಹೋಯಿತು. ಯಲಹಂಕದ ಮನೆ ಓನರ್, "ಫ್ಯಾಮಿಲಿಗಳಿರೋ ಜಾಗ ಕಣಮ್ಮಾ, ಬೇರೆ ಮನೆ ನೋಡ್ಕೊಳ್ಳಿ" ಎಂದರು. ಆರ್.ಟಿ. ನಗರದ ಅಕ್ಕ ಫೋನ್ ಮಾಡಿ, ಮಗಳ ನಿಶ್ಚಿತಾರ್ಥಕ್ಕೆ ಬರಬೇಡ ಎಂದಳು. "ಗಂಡಿನ ಕಡೆಯವ್ರು ಕೇಳಿದ್ರೆ ನಾನೇನ್ ಹೇಳ್ಲಿ, ನೀನೇ ಹೇಳೇ." ಅವನು ಮಾತ್ರ ವೈಸ್ ಪ್ರಿನ್ಸಿಪಾಲ್ ಆದ.

ಜಕ್ಕೂರಿನಲ್ಲಿ ಒಂದು ಸಣ್ಣ ಮನೆ ಹಿಡಿದೆ. ಅಪ್ಪ ಕಲಿಸಿದ್ದ ವಿದ್ಯೆಯೊಂದೇ ನನ್ನ ಕೈಯಲ್ಲಿ ಉಳಿದಿತ್ತು: ಡ್ರೈವಿಂಗ್. ಹಳೆಯ ಕಾರೊಂದನ್ನು ಕೊಂಡು, ಕಲಿಸುವವರು ಕೂರುವ ಎಡಗಡೆಗೂ ಬ್ರೇಕ್ ಹಾಕಿಸಿ, ಡ್ರೈವಿಂಗ್ ಕ್ಲಾಸ್, ಹೆಂಗಸರಿಗೆ ಮಾತ್ರ ಎಂದು ಬೋರ್ಡ್ ತಗುಲಿಸಿದೆ. ಕಾಲ ಕೆಳಗಿನ ಆ ಬ್ರೇಕನ್ನು ತುಳಿದಾಗಲೆಲ್ಲ ಅವನ ಮುಖ ನೆನೆಸಿಕೊಳ್ಳುತ್ತಿದ್ದೆ. ವರ್ಷಗಳು ಕಳೆದರೂ ಆ ಅಭ್ಯಾಸ ಬಿಡಲಿಲ್ಲ.

ಹಾಗಿರುವಾಗ ಅವನ ಹೆಂಡತಿಯೇ ಕಲಿಯಲು ಬಂದಳು. ಕೂದಲು ಕತ್ತರಿಸಿಕೊಂಡು ಕನ್ನಡಕ ಹಾಕಿದ್ದ ನನ್ನ ಗುರುತು ಅವಳಿಗೆ ಹತ್ತಲಿಲ್ಲ. ನನಗೆ ಆ ಕೈ ನೋಡುತ್ತಲೇ ಹತ್ತಿತು. ವಾಪಸ್ ಕಳಿಸಬೇಕೆಂದುಕೊಂಡೆ. ಅಷ್ಟರಲ್ಲಿ ಅವಳು, "ನಮ್ಮನೆಯವ್ರು ಕಾರ್ ಮುಟ್ಟೋಕೂ ಬಿಡಲ್ಲ ಮೇಡಂ. ನಿನ್ ಕೈಲಿ ಆಗಲ್ಲ ಅಂತಾರೆ" ಎಂದಳು. ಅವನಿಗೆ ಬೇಡವಾದದ್ದನ್ನು ಕಲಿಸದೆ ಬಿಡುತ್ತೇನೆಯೇ? ಬೇರೆ ಯಾರಿಗೂ ಅಷ್ಟು ಅಚ್ಚುಕಟ್ಟಾಗಿ ಕಲಿಸಿಲ್ಲ.

ಒಂದು ದಿನ ಕೆರೆ ಪಕ್ಕದ ರಸ್ತೆಯಲ್ಲಿ ಗಾಡಿ ಆಫ್ ಆಯಿತು. ಅವಳು ನನ್ನನ್ನೇ ದಿಟ್ಟಿಸಿದಳು. "ನೀವು... ಆ ಕಾಲೇಜಲ್ಲಿ ಇದ್ರಲ್ವಾ?"

"ಇದ್ದೆ. ನೀವು ಹೊಡೆದಿದ್ದು ನನಗೇ."

ಕ್ಷಮೆ ಕೇಳುತ್ತಾಳೆಂದು ಕಾದೆ. ಕೇಳಲಿಲ್ಲ. "ಅವ್ರು ನಿಮ್ಗೆ ಏನಂತ ಹೇಳಿದ್ರು?" ಎಂದಳು.

"ಡೈವೋರ್ಸ್ ಕೇಸ್ ನಡೀತಿದೆ ಅಂತ."

ಅವಳು ಒಣ ನಗೆ ನಕ್ಕಳು. "ನಾನು ಕೋರ್ಟ್ ಬಾಗ್ಲೇ ನೋಡಿಲ್ಲ. ಈಗ ಕಾಲೇಜಿಗೆ ಹೊಸದಾಗಿ ಬಂದಿರೋ ಹುಡುಗಿಗೂ ಅದೇ ಕಥೆ ಹೇಳ್ತಿದಾರೆ. ಮೆಸೇಜ್ ನೋಡ್ದೆ."

"ನಾಳೆ ಕಾಲೇಜ್ ಕಡೆ ಹೋಗೋಣ. ಟ್ರಾಫಿಕ್ ಅಭ್ಯಾಸ ಆಗ್ಬೇಕು" ಎಂದೆ. ಅದು ಟ್ರಾಫಿಕ್ಕಿಗಲ್ಲ ಎಂಬುದು ಇಬ್ಬರಿಗೂ ಗೊತ್ತಿತ್ತು.

ಮರುದಿನ ಕಾಲೇಜು ಬಿಡುವ ಹೊತ್ತು. ಗೇಟಿನ ಬಳಿ ಸಹೋದ್ಯೋಗಿಗಳ ನಡುವೆ ಅವನು ನಿಂತಿದ್ದ. ಅಂದು ನಾನು ಏಟು ತಿಂದದ್ದನ್ನು ನೋಡುತ್ತ ಕೂತಿದ್ದವರೇ ಹೆಚ್ಚಿನವರು. ಅವಳು ಜರ್ಕ್ ಹೊಡೆಸದೆ ಕಾರನ್ನು ಅವನೆದುರಿಗೇ ನಿಲ್ಲಿಸಿದಳು. ನಾನು ಗಾಜು ಇಳಿಸಿದೆ.

"ರೀ, ಇವ್ರು ಗೊತ್ತಲ್ವಾ? ನಮ್ ಡೈವೋರ್ಸ್ ಕೇಸ್ ಎಲ್ಲೀವರ್ಗೆ ಬಂತು ಅಂತ ಕೇಳ್ತಿದಾರೆ. ನಂಗೇ ಗೊತ್ತಿಲ್ಲ, ನೀವೇ ಹೇಳ್ಬಿಡಿ!" ಎಂದಳು ಅವಳು.

ಅವನು ಸಹೋದ್ಯೋಗಿಗಳ ಕಡೆ ತಿರುಗಿ ನಗಲು ನೋಡಿದ. ಪಕ್ಕದಲ್ಲಿದ್ದ ಎಳೆಯ ಉಪನ್ಯಾಸಕಿಯೊಬ್ಬಳು ಅವನನ್ನು ಒಮ್ಮೆ ನೋಡಿ, ಬ್ಯಾಗು ಹೆಗಲಿಗೇರಿಸಿಕೊಂಡು ಒಬ್ಬಳೇ ಬಸ್ ಸ್ಟಾಪಿನ ಕಡೆ ನಡೆದಳು.

ಸಂಜೆ ಅವನ ಫೋನ್ ಬಂತು. "ನನ್ ಮಾನ ತೆಗೆದ್ಯಲ್ಲೇ!"

"ನಾನು ಕ್ಲಚ್ ಬಿಡೋದ್ ಹೇಳ್ಕೊಟ್ಟೆ, ಅಷ್ಟೇ ಸರ್."

ಲೈಸೆನ್ಸ್ ಸಿಕ್ಕ ಮೇಲೆ ಅವಳು ಬಾಗಲೂರಿನ ತವರಿಗೆ ಹೋದಳಂತೆ, ಅವನ ಕಾರನ್ನೇ ಓಡಿಸಿಕೊಂಡು. ಅವಳ ಏಟನ್ನು ನಾನಿನ್ನೂ ಕ್ಷಮಿಸಿಲ್ಲ, ಅವಳೂ ಕೇಳಿಲ್ಲ. ಕ್ಷಮಿಸಿದರೆ ಮನಸ್ಸು ಹಗುರಾಗುತ್ತದೆ ಎಂದು ಅಕ್ಕ ಈಗ ಬುದ್ಧಿ ಹೇಳುತ್ತಾಳೆ. ಆ ಗೇಟಿನ ಮುಂದೆ ಗಾಜು ಇಳಿಸಿದಾಗಲೇ ನನ್ನ ಮನಸ್ಸು ಹಗುರಾಗಿತ್ತು.