ಹದಿನಾಲ್ಕನೇ ಸುಳಿವು

ಪಾಂಡವಪುರದ ಬಸ್ ನಿಲ್ದಾಣದ ಹತ್ತಿರ ನನ್ನದು ಪೇಪರ್ ಅಂಗಡಿ, ಪಕ್ಕದ್ದು ಅಜ್ಮತ್ ಉಲ್ಲಾನ ಟೈಲರ್ ಅಂಗಡಿ. ಏಳನೇ ಕ್ಲಾಸಿನವರೆಗೆ ನಾವಿಬ್ಬರೂ ಒಂದೇ ಬೆಂಚಿನವರು. ಭಾನುವಾರ ನನ್ನಲ್ಲಿಗೆ ಬರುವ ವಾರಪತ್ರಿಕೆಯ ಮೊದಲ ಪ್ರತಿ ಅವನಿಗೇ. ಅದನ್ನು ಮಿಷಿನ್ ಮೇಲೆ ಹಾಸಿಕೊಂಡು ಪದಬಂಧ ತುಂಬಿ ಮುಗಿಸುವವರೆಗೆ ಯಾರ ಬಟ್ಟೆಗೂ ಸೂಜಿ ಬೀಳುವುದಿಲ್ಲ. ಮದುವಣಗಿತ್ತಿಯ ರವಿಕೆಯಾದರೂ ಕಾಯಬೇಕು.

ತುಂಬುವುದು ಅವನಿಗೆ ಹತ್ತು ನಿಮಿಷದ ಕೆಲಸ. ಆಮೇಲೆ ತಪ್ಪು ಹುಡುಕುವುದು ಶುರು. ಮೊಸರಲ್ಲಿ ಕಲ್ಲು ಹುಡುಕುವ ಆಸಾಮಿ. ಕಪ್ಪು ಮನೆ ಹೆಚ್ಚಾಯಿತು, ವಿಷಯ ಹಬ್ಬವೆಂದು ಹೇಳಿ ಮಧ್ಯೆ ಯಾವುದೋ ದೇಶದ ನದಿ ತುರುಕಿದ್ದಾರೆ, ಇಂಥವೇ. ಉತ್ತರದ ಕಾರ್ಡಿನ ಅಂಚಿನಲ್ಲೆಲ್ಲ ಇದನ್ನು ಇರುವೆ ಸಾಲಿನಂಥ ಅಕ್ಷರದಲ್ಲಿ ಬರೆಯುತ್ತಾನೆ. ಅಂಚೆ ಡಬ್ಬಿಗೆ ಹಾಕಿ ಬರುವ ಕೆಲಸ ನನ್ನದು. ಹನ್ನೊಂದು ವರ್ಷ ಹಾಕಿದ್ದೇನೆ, ಒಂದು ದಿನ ಥ್ಯಾಂಕ್ಸ್ ಅಂದವನಲ್ಲ. ಆದರೆ ಸರಿಯುತ್ತರದವರ ಪಟ್ಟಿಯಲ್ಲಿ ಅವನ ಹೆಸರು ತಪ್ಪಿದ ವಾರವೂ ಇರಲಿಲ್ಲ.

ಹೋದ ಶ್ರಾವಣದಲ್ಲಿ ಒಂದು ಹೊಸ ಪದಬಂಧ ಬಂತು. ವಿಷಯ ನೆಂಟರಿಷ್ಟರು, ರಚನೆ ಕೆ.ಆರ್. ಪೇಟೆಯ ಯಶೋಧರಾ. ನಮ್ಮವನು ಅಪರೂಪಕ್ಕೆ ಹೊಗಳಿದ. ಅತ್ತೆ, ಅತ್ತಿಗೆ ಎರಡೂ ಒಂದೇ 'ಅ' ಮನೆಯಿಂದ ಹೊರಟು ಒಬ್ಬಳು ಅಡ್ಡ, ಒಬ್ಬಳು ಉದ್ದ ನಡೆದಿದ್ದು ಅವನಿಗೆ ತುಂಬಾ ಇಷ್ಟವಾಯಿತು. ಬಲಮೂಲೆಯೊಂದು ಮಾತ್ರ ಸರಿಯಿಲ್ಲವೆಂದ. ಅಲ್ಲಿ ಎರಡೆರಡು ಅಕ್ಷರದ ಎರಡು ಪದ ತಮ್ಮಷ್ಟಕ್ಕೆ ಕೂಡಿಕೊಂಡಿವೆ, ಉಳಿದ ಯಾವ ಪದಕ್ಕೂ ತಾಗುವುದಿಲ್ಲ. ಅಂಗಿಗೆ ಸೇರಿಸದೆ ಬಿಟ್ಟ ಜೇಬಿನ ಹಾಗೆ ಅಂದ.

ಮುಂದಿನ ಭಾನುವಾರ ಉತ್ತರ ಬಂತು. ಪಟ್ಟಿಯಲ್ಲಿ ಅಜ್ಮತ್ ಉಲ್ಲಾನ ಹೆಸರಿಲ್ಲ.

ತಪ್ಪಿದ್ದು ಅದೇ ಮೂಲೆಯಲ್ಲಿ. ಹದಿನಾಲ್ಕನೇ ಸುಳಿವು, 'ಚಿಕ್ಕಪ್ಪನ ಮಗಳು'. ಉತ್ತರ, ತಂಗಿ. ಅದಕ್ಕೆ ತಾಗುವ ಪದಕ್ಕೆ ಸುಳಿವು 'ಸನ್ಯಾಸಿ'. ಉತ್ತರ, ಯೋಗಿ. ಇವನು ಬರೆದದ್ದು ಸತಿ, ಯತಿ. ಎರಡು ಪದಕ್ಕೂ ಕೊನೆಯ ಮನೆ ಒಂದೇ, ಕೂರಿಸಿ ನೋಡಿದರೆ ಎರಡು ಜೋಡಿಯೂ ಸರಿಯಾಗಿ ಕೂರುತ್ತವೆ.

ನಾನು ನಕ್ಕುಬಿಟ್ಟೆ. ಚಿಕ್ಕಪ್ಪನ ಮಗಳು ಸತಿ ಹೇಗಾಗುತ್ತಾಳೋ ಅಂದೆ. ಅವನು ನಗಲಿಲ್ಲ. ಆಮೇಲೆ ನನಗೆ ನೆನಪಾಯಿತು, ನಾಚಿಕೆಯೂ ಆಯಿತು. ಅವನ ಹೆಂಡತಿ ಅಸ್ಗರಿ ಬೇಗಂ ಅವನ ಸ್ವಂತ ಚಿಕ್ಕಪ್ಪನ ಮಗಳು. ಅವರಲ್ಲಿ ಅದು ಒಪ್ಪುವ ಸಂಬಂಧ. ನಮ್ಮ ಕಡೆ ಅಣ್ಣ-ತಂಗಿ. ಮದುವೆಯಾದ ಹೊಸದರಲ್ಲಿ ಬೀದಿ ನಲ್ಲಿಯ ಹತ್ತಿರ ಹೆಂಗಸರು 'ಅಣ್ಣನ್ನೇ ಕಟ್ಕಂಡವ್ಳೆ' ಅಂದು ನಕ್ಕಿದ್ದರಂತೆ. ಅಂದಿನಿಂದ ಆಕೆ ಆ ನಲ್ಲಿಗೆ ಹೋಗಲಿಲ್ಲ. ಯಾರಾದರೂ ಕೇಳಿದರೆ ದೂರದ ಸಂಬಂಧ ಅನ್ನುತ್ತಿದ್ದರು.

ಅಜ್ಮತ್ ಉಲ್ಲಾ ಪತ್ರಿಕೆಗೆ ಫೋನು ಮಾಡಿದ. ಸತಿಯೂ ಸರಿಯೆಂದು ಅಚ್ಚು ಹಾಕಿ ಅಂದ. ಅಲ್ಲಿದ್ದವರು, ಚಿಕ್ಕಪ್ಪನ ಮಗಳು ತಂಗಿಯೆಂದು ಈ ಕಡೆ ಮಕ್ಕಳಿಗೂ ಗೊತ್ತು ಸ್ವಾಮಿ, ಎಂದು ಇಟ್ಟುಬಿಟ್ಟರು. 'ಈ ಕಡೆ' ಅನ್ನುವ ಮಾತು ಅವನಿಗೆ ನಾಟಿತು.

"ಐದು ತಲೆಮಾರಿಂದ ಈ ಊರ್ನೋರ್ಗೆ ಬಟ್ಟೆ ಒಲ್ದಿದ್ದೀವಿ ಕಣ್ಲಾ ಚಿಕ್ಕಸ್ವಾಮಿ. ನಮ್ಮನೆ ನೆಂಟಸ್ತಿಕೆ ಈ ಕಡೇದಲ್ವಾ?" ಅಂದ.

ಅವನಿಗೆ ಬೇಕಾದದ್ದು ಇಷ್ಟೇ, ತನ್ನ ಮನೆಯ ಸಂಬಂಧವೂ ಇಲ್ಲಿಯದೇ ಎಂದು ಇಲ್ಲಿಯ ಪತ್ರಿಕೆ ಒಪ್ಪಬೇಕು. ಕಾರ್ಡು ಬರೆಯಲು ಕೂತ. ಅಸ್ಗರಿ ಬೇಗಂ ಬಿಡಲಿಲ್ಲ. ನಮ್ಮ ಮನೆ ವಿಷಯ ಪೇಪರಿಗೆ ಯಾಕೆ, ಇಷ್ಟು ವರ್ಷ ಬಾಯಿ ಮುಚ್ಚಿಕೊಂಡಿದ್ದು ಸಾಲದೇ, ಎಂದು ಉರ್ದುವಿನಲ್ಲಿ ಅತ್ತರಂತೆ. ಕಾರ್ಡು ಅರ್ಧಕ್ಕೇ ನಿಂತಿತು. ಆದರೆ ಇವನು ಹಿಡಿದದ್ದನ್ನು ಬಿಡುವವನಲ್ಲ. ಬರೆಯಬೇಡ ಅಂದಳು, ಹೋಗಬೇಡ ಅನ್ನಲಿಲ್ಲವಲ್ಲ ಎಂದು ಗುರುವಾರ ನನ್ನನ್ನೂ ಎಳೆದುಕೊಂಡು ಕೆ.ಆರ್. ಪೇಟೆ ಬಸ್ಸು ಹತ್ತಿದ.

ಅಲ್ಲಿ ಕೇಳಿಕೊಂಡು ಮನೆಗೇ ಹೋದೆವು. ಯಶೋಧರಾ ಹೈಸ್ಕೂಲಿನಲ್ಲಿ ಗಣಿತದ ಟೀಚರು, ಮೂವತ್ತೈದರ ಆಸುಪಾಸು. ಇವನು ಪೇಪರ್ ಬಿಚ್ಚಿ ಸೀಮೆಸುಣ್ಣದಲ್ಲಿ ಮೂಲೆಗೆ ಗುರುತು ಹಾಕಿದ. ಮೊದಲು ರಚನೆಯ ಮಾತು. ಆ ಎರಡು ಪದದಲ್ಲಿ ಒಂದನ್ನಾದರೂ ಹೊರಗಿನ ಪದಕ್ಕೆ ತಾಗಿಸಿದ್ದರೆ ಇನ್ನೊಂದು ಉತ್ತರಕ್ಕೆ ಜಾಗವೇ ಇರುತ್ತಿರಲಿಲ್ಲ, ಎಂದ. ಆಕೆ ತಕ್ಷಣ ಒಪ್ಪಿಕೊಂಡರು, ಕೊನೆಗೆ ಉಳಿದ ಮೂಲೆ ಸರ್, ಹೇಗೋ ಮುಚ್ಚಿದೆ, ಎಂದರು. ಆಮೇಲೆ ವಿಷಯ. ಅದನ್ನು ಹೇಳುವಾಗ ಅವನು ತಲೆ ಎತ್ತಲಿಲ್ಲ.

"ನಿಮ್ ನೆಂಟ್ರು ಎಲ್ಲಾ ಬಂದವ್ರೆ ಕಣಮ್ಮ. ನಮ್ಮನೇವ್ಳು ಮಾತ್ರ ನಂಗೆ ತಂಗಿ ಆಗ್ಬುಟ್ಲು."

ಯಶೋಧರಾ ಪೇಪರನ್ನು ತಮ್ಮ ಕಡೆ ಎಳೆದುಕೊಂಡು ಆ ಮೂಲೆ ನೋಡಿದರು. ಆಮೇಲೆ ತಮ್ಮ ಗಂಡನೆಂದರೆ ಸ್ವಂತ ಸೋದರಮಾವ, ತಾಯಿಯ ಒಡಹುಟ್ಟಿದವರು ಎಂದರು. ನಮ್ಮಲ್ಲಿ ಅದು ಮಾಮೂಲು. ಅಜ್ಮತ್ ಉಲ್ಲಾ ಬೆಚ್ಚಿಬಿದ್ದ. ಅವರಲ್ಲಿ ಮಾಮೂ ಅಂದರೆ ತಂದೆಯ ಸಮ. ತೋಬಾ, ಪಾಪ ಪಾಪ ಅನ್ನಲು ಬಾಯಿ ತೆರೆದವನು ನುಂಗಿಕೊಂಡದ್ದನ್ನು ನಾನು ನೋಡಿದೆ. ಆಕೆಯೂ ನೋಡಿದರು, ನಕ್ಕರು. ಇವನೂ ನಕ್ಕ.

ನಗು ನಿಂತ ಮೇಲೆ ಆಕೆ ಒಳಗಿನಿಂದ ಒಂದು ಕಟ್ಟು ತಂದರು. ಬಂದ ಉತ್ತರಗಳನ್ನು ಪತ್ರಿಕೆಯವರು ತಿದ್ದಲು ಆಕೆಗೇ ಕಳಿಸುತ್ತಾರೆ. ಸತಿ ಎಂದು ಬರೆದು ಕೆಂಪು ಗೀಟು ತಿಂದ ಕಾರ್ಡುಗಳನ್ನು ಬೇರೆ ಮಾಡಿ ಎಣಿಸಿದರು. ಹದಿನೇಳು. ನಾಗಮಂಗಲದ ಶಬ್ರೀನ್, ಶ್ರೀರಂಗಪಟ್ಟಣದ ಶೋಯಬ್, ಶಾಜಿಯಾ, ಹೀಗೆ. ಒಬ್ಬರೂ ದೂರು ಬರೆದಿರಲಿಲ್ಲ. ಅಜ್ಮತ್ ಉಲ್ಲಾ ಒಂದೊಂದೇ ಕಾರ್ಡು ತಿರುಗಿಸಿ ನೋಡಿದ. ತನ್ನ ಮಾತು ಬಿಟ್ಟು, ಇವರೆಲ್ಲರ ಹೆಸರೂ ಬರಬೇಕು ಕಣಮ್ಮ ಎಂದ.

ಬಂತು. ಎರಡು ವಾರದ ಮೇಲೆ 'ಹದಿನಾಲ್ಕಕ್ಕೆ ಸತಿಯೂ ಸರಿ, ಈ ಭಾಗದ ಹಲವು ಮನೆಗಳಲ್ಲಿ ಚಿಕ್ಕಪ್ಪನ ಮಗಳನ್ನು ಮದುವೆಯಾಗುವ ವಾಡಿಕೆಯಿದೆ' ಎಂದು ಯಶೋಧರಾ ಹೆಸರಿನಲ್ಲಿ ಅಚ್ಚಾಗಿತ್ತು, ಕೆಳಗೆ ಹದಿನೇಳು ಹೆಸರು. ಅವನದೊಂದು ಇರಲಿಲ್ಲ. ಅಂಚಿನ ತುಂಬ ತಪ್ಪುಗಳ ಪಟ್ಟಿ ಬರೆದ ಅವನ ಕಾರ್ಡನ್ನು ಕಚೇರಿಯವರು ಈ ಸಲ ಆಕೆಗೆ ಕಳಿಸದೆ ದೂರಿನ ಕಡತಕ್ಕೆ ಸೇರಿಸಿರಬೇಕು.

ಊಟದ ಬುತ್ತಿ ತಂದಿದ್ದ ಅಸ್ಗರಿ ಬೇಗಂ ಅಂಗಡಿಯಲ್ಲೇ ನಿಂತು ಆ ಹೆಸರುಗಳನ್ನು ಅವನಿಂದ ಎರಡು ಸಲ ಓದಿಸಿದರು. ಹೋಗಲಿ ಬಿಡು, ಹದಿನೇಳು ಬಂದವಲ್ಲ, ಎಂದು ಇವನು ಸೂಜಿಗೆ ದಾರ ಪೋಣಿಸತೊಡಗಿದ. ಆಕೆ ನನ್ನ ಅಂಗಡಿಗೆ ಬಂದು ಒಂದು ಕಾರ್ಡು ಕೇಳಿ ತೆಗೆದುಕೊಂಡು, ಅದನ್ನು ಅವನ ಮಿಷಿನ್ ಮೇಲಿಟ್ಟರು. ನನಗೂ ತಿಳಿಯಲೆಂದೋ ಏನೋ, ಕನ್ನಡದಲ್ಲೇ ಹೇಳಿದರು:

"ನಿಮ್ಮ ಹೆಸರು ಬಿಟ್ಟವ್ರೆ, ಬರೀರಿ. ಅಸ್ಗರಿ ಬೇಗಂ, ನನ್ನ ಚಿಕ್ಕಪ್ಪನ ಮಗಳು, ನನ್ನ ಹೆಂಡ್ತಿ ಅಂತ ಬರೀರಿ. ದೊಡ್ಡದಾಗಿ ಬರೀರಿ."