ಗುಡ್ಲಿಗೆ ಬಂದ ದೇವರು

ಹುಲಿಕುಂಟೆ ಆಚೆಗಿನ ಗೊಲ್ಲರಹಟ್ಟಿಗೆ ಹೋಗಿ ಕ್ಯಾತಮ್ಮನ ಮನೆ ಯಾವುದು ಅಂತ ಕೇಳಿದರೆ, ಯಾವ ಕ್ಯಾತಮ್ಮ ಅಂತ ತಿರುಗಿ ಕೇಳುತ್ತಿದ್ದರು. ಎರಡು ಮನೆಗೊಬ್ಬಳಂತೆ ಕ್ಯಾತಮ್ಮಂದಿರಿದ್ದ ಹಟ್ಟಿ ಅದು. 'ಮಾತ್ರೆ ಕ್ಯಾತಮ್ಮ' ಅಂದುಬಿಟ್ಟರೆ ಚಿಳ್ಳೆಪಿಳ್ಳೆಗಳೂ ಕೈ ಮಾಡಿ ತೋರಿಸುತ್ತಿದ್ದವು. ಹೆಸರಿಗೆ ಮಾತ್ರೆ ಅಂಟಿಕೊಂಡಿತಲ್ಲ ಅಂತ ಆಯಮ್ಮ ಯಾವತ್ತೂ ಬೇಜಾರು ಮಾಡಿಕೊಂಡವಳಲ್ಲ. ಬಾಯಿ ಜೋರು, ಕೋಪ ಮೂಗಿನ ಮೇಲೆ. ಆದರೆ ಯಾರಾದರೂ ಕಣ್ಣಲ್ಲಿ ನೀರು ಹಾಕಿಕೊಂಡು ಬಂದರೆ ಮೊದಲು ಮುದ್ದೆ ಇಕ್ಕಿ ಆಮೇಲೆ ಸಮಾಚಾರ ಕೇಳುವ ಹೆಂಗಸು.

ಮಾತ್ರೆ ಅಂಟುವುದಕ್ಕೆ ಮುಂಚೆ ಅವಳು ಬರೀ ನರಸಪ್ಪನ ಹೆಂಡತಿ. ನರಸಪ್ಪನಂಥ ಸಾಧು ಹಟ್ಟಿಯಲ್ಲೇ ಇರಲಿಲ್ಲ. ಎಲ್ಲಾದರೂ ಜಗಳ ಹತ್ತಿಕೊಂಡರೆ ಕಂಬಳಿ ಹೆಗಲಿಗೆ ಹಾಕಿಕೊಂಡು ಕುರಿ ಕಡೆ ನಡೆದುಬಿಡುತ್ತಿದ್ದ. ಇಂಥವನು ಒಂದು ವರ್ಷ, ಐವತ್ತರ ದಶಕ ಮುಗಿಯುತ್ತ ಬಂದಿದ್ದ ಕಾಲ, ರಾಗಿ ಒಕ್ಕಣೆ ಮುಗಿದ ಮೇಲೆ ನಿದ್ದೆ ಬಿಟ್ಟ. ಆಮೇಲೆ ಊಟ ಬಿಟ್ಟ. ಮಾತು ಮಾತ್ರ ಬಿಡಲಿಲ್ಲ. ಹುಟ್ಟಿದಾಗಿಂದ ಆಡದೆ ಉಳಿಸಿಕೊಂಡಿದ್ದನ್ನೆಲ್ಲ ಒಂದೇ ಸಲ ಆಡಿ ಮುಗಿಸುವವನ ಹಾಗೆ ಮಾತಾಡತೊಡಗಿದ. ಗಾಳಿಗೆ ಉತ್ತರ ಕೊಡುತ್ತಿದ್ದ. ಕುರಿಗಳು ತನ್ನ ಕಿವಿಯಲ್ಲಿ ಗುಟ್ಟು ಹೇಳುತ್ತವೆ ಅನ್ನುತ್ತಿದ್ದ.

ಒಂದು ಸೋಮವಾರ ಹಟ್ಟಿ ದೇವರ ಗುಡಿಯ ಮುಂದೆ ನಿಂತವನು ಗಡಗಡ ನಡುಗಿ, ಹಟ್ಟಿ ಯಜಮಾನ ಯತ್ತಪ್ಪನ ಕಡೆ ಬೆರಳು ತೋರಿಸಿ, ನಿನ್ನ ಕಳೆದುಹೋದ ಟಗರು ಹಳ್ಳದ ಹೊಂಗೆಮರದ ಕೆಳಗೈತೆ ಅಂದುಬಿಟ್ಟ. ಹೋಗಿ ನೋಡಿದರೆ ಟಗರು ಅಲ್ಲೇ! ಬಿಸಿಲಲ್ಲಿ ಟಗರು ನೆರಳಿಗೆ ಹೋಗದೆ ಇನ್ನೆಲ್ಲಿಗೆ ಹೋಗುತ್ತೆ ಸ್ವಾಮಿ? ಆ ಹಳ್ಳದಲ್ಲಿ ಇದ್ದದ್ದು ಅದೊಂದೇ ಮರ. ಇದನ್ನು ಯಾರೂ ಯೋಚಿಸಲಿಲ್ಲ. ಹಿಂದಿನ ಪೂಜಾರಿ ತೀರಿಕೊಂಡು ವರ್ಷ ಕಳೆದಿತ್ತು, ದೇವರು ಯಾರ ಮೈಮೇಲೂ ಬಂದಿರಲಿಲ್ಲ, ಹಟ್ಟಿಯವರು ಕಾದು ಕಾದು ಸುಸ್ತಾಗಿದ್ದರು. ನರಸಪ್ಪನ ಮೈಮೇಲೆ ಬಂದ ಅಂತ ತೀರ್ಮಾನ ಆಗಿಹೋಯಿತು.

ಅಲ್ಲಿಂದ ಶುರುವಾಯಿತು ನೋಡಿ. ಗುಡಿ ಜಗಲಿಯ ಮೇಲೆ ನರಸಪ್ಪನನ್ನು ಕೂರಿಸಿ ತೆಂಗಿನಕಾಯಿ ಒಡೆದರು. ಅತ್ತ ಪಾವಗಡ, ಇತ್ತ ಮಧುಗಿರಿ ಕಡೆಯಿಂದ ಜನ ಬಂದರು. ಮಳೆ ಯಾವಾಗ, ಮಗಳ ಮದುವೆ ಯಾವಾಗ, ಕುರಿ ಕದ್ದವನು ಯಾರು. ಅವನು ಏನು ಒದರಿದರೂ ಅದಕ್ಕೊಂದು ಅರ್ಥ ಹಚ್ಚುವವರು ಪಕ್ಕದಲ್ಲೇ ಇರುತ್ತಿದ್ದರು. ಹೆತ್ತ ತಾಯಿ ಗಿರಿಯಮ್ಮ ಮಗನಿಗೆ ಅಡ್ಡಬಿದ್ದಳು. ತಾನು ಎತ್ತಿ ಆಡಿಸಿದ ಕಾಲನ್ನು ಕಣ್ಣಿಗೊತ್ತಿಕೊಂಡಳು. ಅದನ್ನು ನೋಡಲಾಗದೆ ಕ್ಯಾತಮ್ಮ ಮನೆಗೆ ಎದ್ದು ಹೋದಳು.

ಊರಿಗೆ ಉಪಕಾರಿ ಮನೆಗೆ ಮಾರಿ ಅನ್ನುತ್ತಾರಲ್ಲ, ಮನೆಯ ಕತೆ ಹಾಗಾಯಿತು. ಗಂಡನ ಎದೆಗೂಡು ಎಣಿಸುವ ಹಾಗಿತ್ತು. ಕಣ್ಣು ಒಳಗೆ ಹೋಗಿದ್ದವು. ಸ್ವಂತ ಮಗಳು ಹತ್ತಿರ ಬಂದರೆ ಯಾರ ಕೂಸು ಇದು ಅಂದ. ಕ್ಯಾತಮ್ಮನಿಗೆ ದೇವರ ಮೇಲೆ ಸಿಟ್ಟು ಇರಲಿಲ್ಲ. ಅವಳಿಗೆ ಗಂಡ ಬೇಕಾಗಿತ್ತು, ಅಷ್ಟೇ. ಹೀಗೇ ಬಿಟ್ಟರೆ ಯುಗಾದಿ ಹೊತ್ತಿಗೆ ತಾನು ರಂಡೆ ಆಗುವುದು ಗ್ಯಾರಂಟಿ ಅಂತ ಅವಳಿಗೆ ಕಾಣುತ್ತಿತ್ತು.

ಸಿರಾದ ಹಬೀಬ್ ಸಾಬ್ ಉಣ್ಣೆ ಕೊಳ್ಳಲು ವರ್ಷಾವರ್ಷ ಬರುತ್ತಿದ್ದವನು. ಹಟ್ಟಿಯ ಒಳಕ್ಕೆ ಹೊರಗಿನವರು ಬರುವ ಹಾಗಿಲ್ಲ, ಬೇಲಿಯಾಚೆ ಬೇವಿನ ಮರದಡಿ ಗಾಡಿ ನಿಲ್ಲಿಸಿಕೊಂಡು ವ್ಯಾಪಾರ. ಆ ವರ್ಷ ಬಂದವನು ದೂರದಿಂದ ನರಸಪ್ಪನನ್ನು ನೋಡಿ ತಕ್ಕಡಿ ಕೆಳಗಿಟ್ಟ. ಆಮೇಲೆ ಕ್ಯಾತಮ್ಮನನ್ನು ಕರೆದು, ನನ್ನ ತಮ್ಮನಿಗೂ ಹೀಗೇ ಆಗಿತ್ತು ತಂಗೀ ಅಂದ. ಅವರೂ ಮಂತ್ರಿಸಿದ್ದರಂತೆ, ತಾಯತ ಕಟ್ಟಿದ್ದರಂತೆ. ಕೊನೆಗೆ ಸಿರಾ ಸರ್ಕಾರಿ ಆಸ್ಪತ್ರೆಯ ಸಂಜೀವಯ್ಯ ಡಾಕ್ಟರು ಬೆಂಗಳೂರಿಗೆ ಕಳಿಸಿಕೊಟ್ಟರಂತೆ. ಹೊಸದಾಗಿ ಒಂದು ಮಾತ್ರೆ ಬಂದಿದೆ, ತಮ್ಮ ಈಗ ಅಂಗಡಿಯಲ್ಲಿ ಕೂತು ವ್ಯಾಪಾರ ಮಾಡುತ್ತಾನೆ ಅಂದ. "ದುವಾನೂ ಬೇಕು, ದವಾನೂ ಬೇಕು ತಂಗೀ. ಬರೀ ಪ್ರಾರ್ಥನೆ ಇಟ್ಕಂಡ್ರೆ ಆಗಲ್ಲ, ಔಷಧಿನೂ ಇರ್ಬೇಕು."

ಈ ಮಾತನ್ನು ಅವಳು ಅತ್ತೆಯ ಕಿವಿಗೆ ಹಾಕಿದಳೋ ಇಲ್ಲವೋ, ಮನೆ ರಣರಂಗವಾಯಿತು. ದೇವರನ್ನು ಹುಚ್ಚಾಸ್ಪತ್ರೆಗೆ ಸೇರಿಸುತ್ತೀಯೇನೇ ಅಂತ ಗಿರಿಯಮ್ಮ ಎದೆ ಬಡಿದುಕೊಂಡಳು. ಯತ್ತಪ್ಪ ನರಸಪ್ಪನ ದೊಡ್ಡಪ್ಪ, ಅವನ ಮಾತೇ ಹಟ್ಟಿಗೆ ಕಾನೂನು. ದೇವರು ಬಂದ ಮೈಯನ್ನು ಆಸ್ಪತ್ರೆ ಹೊಸಿಲು ದಾಟಿಸಿದವರಿಗೆ ಹಟ್ಟಿಯಲ್ಲಿ ಜಾಗವಿಲ್ಲ ಅಂತ ಅವನು ಹೇಳಿಬಿಟ್ಟ. ಕ್ಯಾತಮ್ಮ ಬಾಯಿ ಮುಚ್ಚಿಕೊಂಡಳು. ಹೊರಗೆ ಹಾಕಿದರೆ ಮಗಳನ್ನು ಕಟ್ಟಿಕೊಂಡು ಎಲ್ಲಿಗೆ ಹೋಗಬೇಕು?

ಈಗ ಗುಡ್ಲಿನ ವಿಷಯ ಹೇಳಬೇಕು. ಬೇಲಿಯಾಚೆ, ಹೊಲದ ಅಂಚಿನಲ್ಲಿ ಸೋಗೆ ಹೊದಿಸಿದ ಒಂದು ಗುಡಿಸಲು. ಮುಟ್ಟಾದ ಹೆಂಗಸರು, ಹಸಿ ಬಾಣಂತಿಯರು ಅಲ್ಲಿರಬೇಕು. ಹಟ್ಟಿಯೊಳಗೆ ದೇವರಿದ್ದಾನೆ, ಮೈಲಿಗೆಯಾದರೆ ಬಿಟ್ಟು ಹೋಗುತ್ತಾನೆ ಅನ್ನುವುದು ಕಟ್ಟು. ಗಂಡಸರು ಅತ್ತ ತಲೆ ಹಾಕಿಯೂ ಮಲಗುವುದಿಲ್ಲ. ಮಗಳು ಹುಟ್ಟಿದಾಗ ಕ್ಯಾತಮ್ಮ ಆಷಾಢದ ಗಾಳಿಯಲ್ಲಿ ಆ ಗುಡ್ಲಲ್ಲೇ ಕೂಸನ್ನು ಎದೆಗವಚಿಕೊಂಡು ಕೂತವಳು. ಒಂದು ಕುರಿಮರಿಗೆ ಸಿಗುವ ಬೆಚ್ಚಗಿನ ಮೂಲೆ ಆ ಕೂಸಿಗೆ ಸಿಗಲಿಲ್ಲ. ನೆನೆಸಿಕೊಂಡರೆ ಅವಳಿಗೆ ಈಗಲೂ ಮೈ ಉರಿಯುತ್ತದೆ.

ಸಾಬರು ಬಂದುಹೋದ ವಾರವೇ ಕ್ಯಾತಮ್ಮ ಮುಟ್ಟಾಗಿ ಗುಡ್ಲಿಗೆ ಹೋದಳು. ಮಾರನೆ ದಿನ ಮಧ್ಯಾಹ್ನ ನೋಡುತ್ತಾಳೆ, ಗಂಡ ಬರಿಗಾಲಲ್ಲಿ ಹೊಲ ದಾಟಿ ಓಡಿ ಬರುತ್ತಿದ್ದಾನೆ! ಹಿಂದೆ ಜನ ಹೋ ಅಂತ ಕೂಗುತ್ತಿದ್ದಾರೆ. ಅವನು ಸೀದಾ ಗುಡ್ಲೊಳಗೆ ನುಗ್ಗಿ, ಅವಳ ಕಂಬಳಿಯೊಳಗೆ ತಲೆ ತೂರಿಸಿದ. "ಬುಡ್ಬ್ಯಾಡ ಕಣೆ ಕ್ಯಾತಿ, ಎಲ್ರೂ ಕೂಗ್ತಾವ್ರೆ" ಅಂದ. ಅಷ್ಟು ದಿನಗಳ ಮೇಲೆ ಅವಳ ಹೆಸರು ಅವನ ಬಾಯಲ್ಲಿ ಬಂದಿತ್ತು. ಮರುಕ್ಷಣವೇ ಕಣ್ಣು ಮೇಲೆ ಸಿಕ್ಕಿಸಿಕೊಂಡು, ಗುಡಿ ಮುಂದೆ ಆಡುತ್ತಿದ್ದ ಅದೇ ದನಿಯಲ್ಲಿ, ಅದೇ ನಡುಕದಲ್ಲಿ, ಮಳೆ ಗಾಳಿ ಕುರಿ ಸಾವು ಅಂತ ಒದರತೊಡಗಿದ.

ಕ್ಯಾತಮ್ಮ ಗರಬಡಿದವಳಂತೆ ಕೂತಳು. ತನ್ನ ಮಗ್ಗುಲಲ್ಲಿ, ಹಟ್ಟಿ ದೇವರು ಕಾಲಿಡಲೇಬಾರದ ಜಾಗದಲ್ಲಿ, ದೇವರ ಮಾತು ನಡೆಯುತ್ತಿತ್ತು. ಅವಳಿಗೆ ತಟ್ಟನೆ ಹೊಳೆಯಿತು. ಎದ್ದು ಬಾಗಿಲಿಗೆ ಬಂದಳು. ಹಟ್ಟಿಯವರೆಲ್ಲ ಬೇಲಿಯ ಹತ್ತಿರ ನಿಂತಿದ್ದರು, ಒಬ್ಬನಿಗೂ ಮುಂದೆ ಬರುವ ಧೈರ್ಯವಿಲ್ಲ. ಮುಟ್ಟಾದವಳು ಯಜಮಾನನ ಎದುರು ನಿಲ್ಲುವುದುಂಟೇ? ಇವಳು ನಿಂತಳು.

"ದೊಡ್ಡಮಾವ, ಕಿವಿಗೊಟ್ಟು ಕೇಳು, ಒಳಗೆ ಮಾತಾಡ್ತಾ ಐತೆ. ದೇವ್ರು ಮುಟ್ಟಿನ ಗುಡ್ಲಿಗೆ ಬತ್ತಾನಾ? ಬತ್ತಾನೆ ಅನ್ನು, ನಾಳೆಯಿಂದ ನಾವ್ಯಾರೂ ಇಲ್ಲಿಗೆ ಬರಲ್ಲ, ಮನೇಲೇ ಇರ್ತೀವಿ. ಬರಲ್ಲ ಅನ್ನು, ಇದು ಕಾಯಿಲೆ, ನನ್ ಗಂಡನ್ನ ನಂಗೆ ಬುಡು."

ಅತ್ತ ದರಿ ಇತ್ತ ಪುಲಿ. ಯತ್ತಪ್ಪ ರುಮಾಲು ತೆಗೆದು ಮುಖ ಒರೆಸಿಕೊಂಡ. ಹೆಂಗಸರ ಗುಂಪಿನಲ್ಲಿ ಗುಸುಗುಸು ಎದ್ದಿತು. ಎಷ್ಟೋ ತಲೆಮಾರಿನ ಕಟ್ಟು ಒಂದು ಮಾತಿಗೆ ತೂಗಾಡುತ್ತಿತ್ತು. ಕೊನೆಗೆ ಅವನು ನೆಲ ನೋಡಿಕೊಂಡು, ದೇವರು ಅಲ್ಲಿಗೆಲ್ಲ ಬರಲ್ಲ, ಇದು ಬೇರೆ ಏನೋ ಐತೆ, ಎಲ್ಲಿಗಾದರೂ ಕರಕೊಂಡು ಹೋಗು ಅಂದ. ಗಿರಿಯಮ್ಮ ಮೊಮ್ಮಗಳನ್ನು ಎತ್ತಿಕೊಂಡು ಮನೆ ಕಡೆ ತಿರುಗಿದಳು.

ಕ್ಯಾತಮ್ಮನಿಗೆ ಗಂಡ ಸಿಕ್ಕ. ಗುಡ್ಲು ಮಾತ್ರ ಹಾಗೇ ಉಳಿಯಿತು. ಯತ್ತಪ್ಪ ಬರ್ತಾನೆ ಅನ್ನುವ ಇನ್ನೊಂದು ಮಾತು ಆಡಿದ್ದರೆ ಹಟ್ಟಿಯ ಹೆಂಗಸರ ಪಾಡೇ ಬೇರೆ ಆಗುತ್ತಿತ್ತು ಅಂತ ಆಮೇಲೆ ಅವಳಿಗೆ ಎಷ್ಟೋ ಸಲ ಅನ್ನಿಸಿದೆ. ಆದರೆ ಆ ಹೊತ್ತು ಅವಳಿಗೆ ಬೇಕಾಗಿದ್ದು ಅವನೊಬ್ಬನೇ. ಅವಳದು ತಪ್ಪು ಅಂತ ಯಾರು ಅಂದಾರು?

ಗುಡ್ಲಿಗೆ ಹೊಕ್ಕವನು ಶುದ್ಧವಾಗದೆ ಹಟ್ಟಿಯೊಳಗೆ ಬರುವ ಹಾಗಿರಲಿಲ್ಲ. ಒಳ್ಳೆಯದೇ ಆಯಿತು ಅಂತ ಕ್ಯಾತಮ್ಮ ಮಗಳನ್ನು ಅತ್ತೆಯ ಹತ್ತಿರ ಬಿಟ್ಟು, ಅಲ್ಲಿಂದ ಅಲ್ಲಿಗೇ ಗಂಡನನ್ನು ಸಿರಾಕ್ಕೆ ಹೊರಡಿಸಿದಳು. ಹಬೀಬ್ ಸಾಬ್ ತನ್ನ ಮನೆಯ ಪಡಸಾಲೆಯಲ್ಲಿ ಇಬ್ಬರನ್ನೂ ಇರಿಸಿಕೊಂಡ. ಸಂಜೀವಯ್ಯ ಡಾಕ್ಟರು ನೋಡಿ, ಬೆಂಗಳೂರಿನ ಆಸ್ಪತ್ರೆಗೆ ಬರೆದುಕೊಟ್ಟರು. ಹುಚ್ಚಾಸ್ಪತ್ರೆ ಅಂದರೆ ಸರಪಳಿ ಇರುತ್ತೆ, ಹೊಡೀತಾರೆ ಅಂತ ಕ್ಯಾತಮ್ಮ ಬಸ್ಸಿನ ದಾರಿಯುದ್ದಕ್ಕೂ ಹೆದರಿದ್ದಳು. ಅಲ್ಲಿನ ಡಾಕ್ಟರು ಕೇಳಿದ ಮೊದಲ ಮಾತು, ಜೊತೆಗೆ ಇರೋಕಾಗುತ್ತೇನಮ್ಮ ಅಂತ. ಮನೆಯವರು ಹತ್ತಿರ ಇದ್ದರೆ ಬೇಗ ವಾಸಿಯಾಗುತ್ತೆ ಅಂತ ಈಗೀಗ ಗೊತ್ತಾಗುತ್ತಿದೆ ಅಂದರು. ಇದನ್ನು ಗೊತ್ತುಮಾಡಿಕೊಳ್ಳೋಕೆ ಅಷ್ಟು ಓದಬೇಕಿತ್ತಾ ಅಂತ ಅವಳಿಗೆ ಅನ್ನಿಸಿತು. ಆದರೂ ಖುಷಿಯಾಯಿತು. ಅಲ್ಲೇ ಒಲೆ ಹೂಡಿ ಮುದ್ದೆ ತೊಳಸಿದಳು.

ಮಾತ್ರೆ ಒಂದೇ ಸಲಕ್ಕೆ ಕೆಲಸ ಮಾಡಲಿಲ್ಲ. ಮೊದಮೊದಲು ನರಸಪ್ಪ ಸೋರೆಬುರುಡೆಯ ಹಾಗೆ ಬಿದ್ದುಕೊಂಡಿರುತ್ತಿದ್ದ. ಬಾಯಿ ಒಣಗುತ್ತಿತ್ತು, ಕೈ ನಡುಗುತ್ತಿತ್ತು. ಡಾಕ್ಟರು ದಿನಾ ಬಂದು ಬರೆದುಕೊಳ್ಳುತ್ತಿದ್ದರು, ಹೊಸ ಮಾತ್ರೆ, ನಾವೂ ಕಲಿಯುತ್ತಾ ಇದ್ದೀವಿ ಅನ್ನುತ್ತಿದ್ದರು. ಆಮೇಲೊಂದು ಬೆಳಗ್ಗೆ ಅವನು ತಟ್ಟೆಯಲ್ಲಿದ್ದ ಮುದ್ದೆಯನ್ನು ಮುಗಿಸಿ, ಇನ್ನೊಂದು ಐತೇನಮ್ಮಿ ಅಂದ. ಆವತ್ತು ಅವಳು ಪಕ್ಕದ ಹಾಸಿಗೆಯವರಿಗೂ ಸೇರಿಸಿ ಮುದ್ದೆ ಮಾಡಿದಳು.

ಹಟ್ಟಿಗೆ ವಾಪಸು ಬಂದ ಮೇಲೆ ಇನ್ನೊಂದು ತಮಾಷೆ. ಈ ಮಾತ್ರೆ ತಿಂದವರು ಬಿಸಿಲಿಗೆ ಹೋಗಬಾರದು, ಚರ್ಮ ಸುಡುತ್ತೆ ಅಂತ ಹೇಳಿ ಕಳಿಸಿದ್ದರು. ಕುರಿ ಕಾಯುವವನಿಗೆ ಬಿಸಿಲಿಗೆ ಹೋಗಬೇಡ ಅಂದರೆ ಮೀನಿಗೆ ನೀರಿಗಿಳಿಯಬೇಡ ಅಂದ ಹಾಗೆ. ಕ್ಯಾತಮ್ಮ ಮಳೆಗಾಲದಲ್ಲಿ ಹಾಕುವ ಕಂಬಳಿ ಕೊಪ್ಪೆಯನ್ನು ನಡುಬೇಸಿಗೆಯಲ್ಲಿ ಅವನ ತಲೆ ಮೇಲೆ ಹಾಕಿ ಕಳಿಸಿದಳು. ಏನ್ಲಾ ನರಸ, ಮಳೆ ನಿನಗೊಬ್ಬನಿಗೇ ಬಂತೇನ್ಲಾ ಅಂತ ಹುಡುಗರು ಗೇಲಿ ಮಾಡಿದರು. ಅವನೂ ನಕ್ಕ.

ಮಾತ್ರೆ ಮುಗಿದಾಗಲೆಲ್ಲ ಬೆಂಗಳೂರಿಗೆ ಹೋಗಬೇಕಿತ್ತು. ಕ್ಯಾತಮ್ಮ ಸಂಜೀವಯ್ಯ ಡಾಕ್ಟರ ಹತ್ತಿರ ಜಗಳಕ್ಕೇ ನಿಂತಳು. ಸೀತಕ್ಕೆ, ಜ್ವರಕ್ಕೆ ಸಿರಾದಲ್ಲಿ ಔಷಧ ಇಟ್ಟ ಸರ್ಕಾರಕ್ಕೆ ತಲೆ ಕಾಯಿಲೆಗೆ ಇಡೋಕೆ ಏನು ದಾಡಿ? ಸರ್ಕಾರದಿಂದ ಬರೋದೇ ಇಲ್ಲವಲ್ಲಮ್ಮ ಅಂತ ಅವರು ಸಮಜಾಯಿಷಿ ಹೇಳಿದರು, ಅವಳು ಬಿಡಲಿಲ್ಲ. ಕೊನೆಗೆ ಅವರೇ ಓಡಾಡಿ ಮಾತ್ರೆ ಸಿರಾಕ್ಕೆ ಬರುವ ಹಾಗೆ ಮಾಡಿದರು. ಸುದ್ದಿ ಹಬ್ಬಿತು. ವೈ.ಎನ್.ಹೊಸಕೋಟೆಯಿಂದ ಒಬ್ಬ, ಅರ್ಧ ತೆಲುಗು ಅರ್ಧ ಕನ್ನಡದಲ್ಲಿ ಅಳುತ್ತ, ಹೆರಿಗೆಯಾದಾಗಿಂದ ಕೂಸನ್ನೇ ಮುಟ್ಟದ ಹೆಂಡತಿಯನ್ನು ಗಾಡಿಯಲ್ಲಿ ಕರೆತಂದ. ಕ್ಯಾತಮ್ಮ ಅವಳ ಕೈ ಹಿಡಿದು ಸಿರಾಕ್ಕೆ ಹೋದಳು. ಹೆಸರಿಗೆ ಮಾತ್ರೆ ಅಂಟಿದ್ದು ಆವಾಗಲೇ.

ಹೀಗೆ ವರ್ಷಗಳು ನೆಮ್ಮದಿಯಿಂದ ಉರುಳಿದವು. ಆಮೇಲೆ ಒಂದು ಚಳಿಗಾಲ ಹಟ್ಟಿಯ ಕುರಿಗಳು ನೊರೆ ಕಾರಿ ಸಾಯತೊಡಗಿದವು. ದೇವರನ್ನು ಕೇಳೋಣ ಅಂದರೆ ಯಾರ ಮೈಮೇಲೂ ಬರಲೊಲ್ಲ. ಯತ್ತಪ್ಪ ನಾಲ್ಕು ಜನ ಹಿರಿಯರನ್ನು ಕಟ್ಟಿಕೊಂಡು ನರಸಪ್ಪನ ಮನೆಗೆ ಬಂದ. ಗುಡ್ಲಿಗೆ ಹೋದ ಮೇಲಿನದು ಕಾಯಿಲೆ ಇರಬಹುದು, ಅದಕ್ಕೆ ಮುಂಚೆ ಬಂದಿದ್ದು ದೇವರೇ ಅಂತ ಈಗ ಅವನ ವಾದ. ಎಷ್ಟು ಜಾಣ ನೋಡಿ! ಮಾತ್ರೆ ದೇವರನ್ನು ತಡೆದಿದೆ, ಒಂದು ವಾರ ಬಿಟ್ಟು ನೋಡಲಾ ನರಸ ಅಂದ. ಕುರಿ ಕಳಕೊಂಡ ಸಂಕಟದಲ್ಲಿ ಗಿರಿಯಮ್ಮನೂ ಹೂಂ ಅಂದಳು.

ಕ್ಯಾತಮ್ಮ ಬಾಯಿ ತೆರೆದವಳು ಗಂಡನ ಮುಖ ನೋಡಿ ಸುಮ್ಮನಾದಳು. ಅವನು ಯೋಚನೆ ಮಾಡುತ್ತಿದ್ದ. ಆ ದಿನಗಳಲ್ಲಿ ತಲೆಯೊಳಗೆ ಬೆಳಕೇ ಬೆಳಕು ಇತ್ತು ಅಂತ ಅವನೇ ಒಮ್ಮೆ ಅವಳಿಗೆ ಹೇಳಿದ್ದ. ಊರೇ ಕೈಮುಗಿಯುತ್ತಿತ್ತು. ಈಗ ಕೈ ನಡುಗುವ ಒಬ್ಬ ಕುರಿಗಾಹಿಯಾಗಿ ಮೂಲೆಯಲ್ಲಿದ್ದಾನೆ, ಹೂಂ ಅಂದರೆ ನಾಳೆ ಮತ್ತೆ ಜಗಲಿ, ಮತ್ತೆ ತೆಂಗಿನಕಾಯಿ. ಹೂಂ ಅಂದುಬಿಟ್ಟರೆ ಈ ಸಲ ಅವನನ್ನು ತಿರುಗಿ ತರುವ ದಾರಿ ಅವಳಿಗೆ ಗೊತ್ತಿರಲಿಲ್ಲ.

ನರಸಪ್ಪ ನಿಧಾನವಾಗಿ ಬಾಯಿ ಬಿಟ್ಟ. "ಆಗ ಬಂದಿದ್ದು ದೇವ್ರೋ ಅಲ್ವೋ, ನಂಗೊತ್ತಿಲ್ಲ ದೊಡ್ಡಪ್ಪ. ನೀವೆಲ್ಲಾ ಬಂದು ನಿಮ್ನಿಮ್ಮ ಕಷ್ಟ ಕೇಳಿದ್ರಿ. ಇಲ್ಲ ಅನ್ನಲ್ಲ. ಆದ್ರೆ, ಲೇ ನರಸ, ನೀನು ಕಣ್ಮುಚ್ಚಿ ಎಷ್ಟು ದಿನ ಆಯ್ತಲಾ ಅಂತ ನಿಮ್ಮಲ್ಲಿ ಒಬ್ರಾದ್ರೂ ಕೇಳಿದ್ರಾ? ಇವ್ಳೊಬ್ಳೇ ಕಣಪ್ಪ ಕೇಳಿದ್ದು. ನಾನು ಇವ್ಳ ತಾವೇ ಇರ್ತೀನಿ."

ಕ್ಯಾತಮ್ಮ ಅಷ್ಟು ಜನ ಗಂಡಸರ ಎದುರಿಗೇ ಹೋ ಅಂತ ಅತ್ತುಬಿಟ್ಟಳು. ಅವನು ಗೂಡಿನಿಂದ ಮಾತ್ರೆ ತಾನೇ ತೆಗೆದುಕೊಂಡು ನುಂಗಿ, ನೀರು ಕುಡಿದು, ದನದ ಡಾಕ್ಟರನ್ನು ಕರಕೊಂಡು ಬರುತ್ತೇನೆ ಅಂತ ಸಿರಾ ದಾರಿ ಹಿಡಿದ.