ತಮ್ಮನ ಟ್ರೈಲರಿನಲ್ಲಿ ತಾವರೆಕೆರೆಗೆ

ನಾವು ಕೊರಟಗೆರೆ ಬಿಟ್ಟಾಗ ಹಾಲಿನವನೂ ಇನ್ನೂ ಬಂದಿರಲಿಲ್ಲ. ತಮ್ಮ ಲೋಕೇಶನ ಕ್ಲೀನರಿಗೆ ಜ್ವರ, ಬೇರೆ ಯಾರೂ ಸಿಕ್ಕಿರಲಿಲ್ಲ. "ನಾನು ಬತ್ತೀನಿ ಕಣ್ಲಾ" ಅಂದೆ. ಅವನು ನಕ್ಕ. ನಾನು ಹೊಲಿಗೆ ಮಷಿನ್ನಿಗೆ ಬಟ್ಟೆ ಹೊದಿಸಿ, ಬುತ್ತಿ ಕಟ್ಟಿಕೊಂಡು ಕ್ಯಾಬಿನ್ ಹತ್ತಿ ಕೂತುಬಿಟ್ಟೆ. ಏಳನೇ ತರಗತಿಗೆ ಶಾಲೆ ಬಿಟ್ಟು ಬ್ಲೌಸ್ ಹೊಲಿಯುತ್ತಾ ಕೂತವಳು ನಾನು. ಇಷ್ಟು ಎತ್ತರದಿಂದ ಊರು ನೋಡಿದ್ದು ಅದೇ ಮೊದಲು. ತಾರಸಿಗಳ ಮೇಲೆ ಒಣಹಾಕಿದ ಮೆಣಸಿನಕಾಯಿ, ಕಾಂಪೌಂಡಿನೊಳಗೆ ಹಲ್ಲುಜ್ಜುವ ಗಂಡಸರು, ಎಲ್ಲವೂ ಕಾಣುತ್ತಿತ್ತು. ನನಗೆ ಕೂತಲ್ಲಿ ಕೂರಲಾಗಲಿಲ್ಲ.

ಲೋಕೇಶನಿಗೂ ಇದು ಹೊಸದೇ. ಇಷ್ಟು ವರ್ಷ ಜಲ್ಲಿ ಲಾರಿ ಓಡಿಸಿದವನ ಕೈಗೆ ಮಾಲೀಕರು ಮೊದಲ ಸಲ ಟ್ರೈಲರ್ ಕೊಟ್ಟಿದ್ದರು. ಮುಂದೆ ಎಂಜಿನ್, ಹಿಂದೆ ಉದ್ದನೆಯ ಕಬ್ಬಿಣದ ಡಬ್ಬ, ಎರಡರ ನಡುವೆ ತಿರುಗುವ ಒಂದು ಕೀಲು. ವೈ.ಎನ್. ಹೊಸಕೋಟೆಯಲ್ಲಿ ಕಡ್ಲೆಬೀಜ ತುಂಬಿಕೊಂಡು, ಶಿರಾ ದಾಟಿ ತಾವರೆಕೆರೆ ಹತ್ತಿರದ ಗೋದಾಮಿಗೆ ಇಳಿಸಬೇಕು. ಅಲ್ಲಿ ಲಾರಿಯ ಎತ್ತರಕ್ಕೆ ಸರಿಯಾಗಿ ಸಿಮೆಂಟ್ ಕಟ್ಟೆ ಕಟ್ಟಿದ್ದಾರೆ. ಡಬ್ಬದ ಹಿಂಭಾಗವನ್ನು ರಿವರ್ಸಿನಲ್ಲಿ ತಂದು ಆ ಕಟ್ಟೆಗೆ ಕೂರಿಸಬೇಕು. ತೊಂದರೆಯಿಲ್ಲದೆ ಕೂರಿಸಿದರೆ ಟ್ರೈಲರ್ ಅವನದು, ಇಲ್ಲದಿದ್ದರೆ ಮತ್ತೆ ಜಲ್ಲಿ ಲಾರಿ. ಮಾಲೀಕರು ಹೇಳಿದ್ದು ಇಷ್ಟೇ.

ಮಧುಗಿರಿಯಲ್ಲಿ ಇಡ್ಲಿ ತಿಂದೆವು. ಬೋಳು ಬಂಡೆಯ ಮೇಲೆ ಆಗತಾನೆ ಬಿಸಿಲು ಬೀಳುತ್ತಿತ್ತು. ಊರಾಚೆ ಒಂದು ಖಾಲಿ ಮೈದಾನದಲ್ಲಿ ಲೋಕೇಶ ಗಾಡಿ ನಿಲ್ಲಿಸಿ ನನಗೆ ಪಾಠ ಮಾಡಿದ.

"ರಿವರ್ಸಲ್ಲಿ ಸ್ಟೇರಿಂಗ್ ಬಲಕ್ಕೆ ತಿರುಗ್ಸಿದ್ರೆ ಹಿಂದಿಂದು ಎಡಕ್ಕೆ ಹೋಯ್ತದೆ ಕಣಕ್ಕ."

"ನಾನು ಅಂದಿದ್ದಕ್ಕೆಲ್ಲಾ ನಿನ್ನೆಂಡ್ತಿ ಉಲ್ಟಾ ಮಾಡ್ತಾಳಲ್ಲ, ಅಂಗೆ ಅನ್ನು."

"ತಮಾಸೆ ಸಾಕು, ಕೇಳಿಲ್ಲಿ. ನನ್ನ ಬಲಗಡೆ ಕನ್ನಡೀಲಿ ನೀನು ಕಾಣ್ತಿರ್ಬೇಕು. ಮರೆಯಾದ್ರೆ ನಾನು ನಿಲ್ಲಿಸ್ಬುಡ್ತೀನಿ. ಹಿಂದೆ ಕಾಣ್ತಿದ್ರೆ ‘ಬರ್ಲಿ’ ಅನ್ನು. ಕಾಣ್ದಿದ್ರೆ ‘ಹೋಲ್ಡೇನ್’ ಅನ್ನು, ನಿಲ್ಲಿಸ್ತೀನಿ. ಆಮೇಲೆ ಹೋಗಿ ನೋಡು. ನಾಚ್ಕೋಬ್ಯಾಡ."

ಎರಡು ಕಲ್ಲು ನೆಟ್ಟು ನಡುವೆ ತೂರಿಸಿ ಅಭ್ಯಾಸ ಮಾಡಿದೆವು. ಸ್ಟೇರಿಂಗನ್ನು ಒಂದಿಷ್ಟೇ ತಿರುಗಿಸುವುದು, ಡಬ್ಬ ಸೊಟ್ಟಗಾದರೆ ಹಟ ಮಾಡದೆ ಮುಂದಕ್ಕೆ ಹೋಗಿ ನೇರ ಮಾಡಿಕೊಳ್ಳುವುದು. ಮೂರನೇ ಸಲಕ್ಕೆ ಗಾಡಿ ಕಲ್ಲುಗಳ ನಡುವೆ ಸೂಜಿಗೆ ದಾರ ಪೋಣಿಸಿದ ಹಾಗೆ ಬಂತು. ನಾನು ಮಕ್ಕಳ ಹಾಗೆ ಚಪ್ಪಾಳೆ ತಟ್ಟಿದೆ.

ಮಿಡಿಗೇಶಿ ದಾಟಿದ ಮೇಲೆ ಬರೀ ಬಂಡೆ, ಬಿಸಿಲು, ಗಾಳಿ. ಪಾವಗಡದಲ್ಲಿ ಮಂಡಕ್ಕಿಯ ಉಗ್ಗಾಣಿ ತಿಂದು, ಖಾರದ ಬಜ್ಜಿಗೆ ಮೂಗೊರೆಸಿಕೊಳ್ಳುತ್ತಾ ಹೊಸಕೋಟೆ ಮುಟ್ಟಿದೆವು. ಅಲ್ಲಿನ ಹಮಾಲಿಗಳು ತೆಲುಗು ಬೆರೆಸಿ ಮಾತಾಡುತ್ತಾರೆ.

"ಏಮಕ್ಕಾ, ಕ್ಲೀನರ್ ನೀನೇನಾ?"

"ಊಂ ಕಣಪ್ಪ, ನಾನೇಯ."

"ಅಂಗಾದ್ರೆ ಡ್ರೈವರ್ ಗತಿ ದೇವುಡಿಕೇ ತೆಲುಸು!"

ದೇವರಿಗೇ ಗೊತ್ತು ಎಂದು ಎಲ್ಲರೂ ನಕ್ಕರು. ನಾನೂ ನಕ್ಕೆ, ಒಳಗೊಳಗೇ ಇವರಿಗೆ ತೋರಿಸುತ್ತೇನೆ ಅಂದುಕೊಂಡೆ. ಮೂಟೆ ತುಂಬುವ ಹೊತ್ತಿಗೆ ಸಂಜೆಯಾಯಿತು. ಅಲ್ಲಿನ ಮೇಸ್ತ್ರಿಯ ಮನೆಯಲ್ಲಿ ನನಗೆ ಚಾಪೆ ಹಾಸಿಕೊಟ್ಟರು, ಲೋಕೇಶ ಕ್ಯಾಬಿನ್ನಿನಲ್ಲೇ ಮಲಗಿದ.

ಮರುದಿನ ಬಂದ ದಾರಿಯಲ್ಲೇ ಮಧುಗಿರಿಗೆ ಹಿಂತಿರುಗಿ, ಬಡವನಹಳ್ಳಿ ಮೇಲೆ ಶಿರಾ ದಾಟಿದೆವು. ಹೆದ್ದಾರಿಯಲ್ಲಿ ಇತರ ಟ್ರೈಲರ್ ಡ್ರೈವರುಗಳು ನನ್ನನ್ನು ಕಂಡು ಹಾರನ್ ಹೊಡೆಯುತ್ತಿದ್ದರು. ಒಬ್ಬನಿಗೆ ಕೈಯನ್ನೂ ಬೀಸಿದೆ. ನಡುಮಧ್ಯಾಹ್ನ ಗೋದಾಮು ತಲುಪಿದೆವು. ಕಟ್ಟೆಗೆ ಸಾಲಾಗಿ ಲಾರಿಗಳು ಹಿಂಬದಿ ಕೊಟ್ಟು ನಿಂತಿದ್ದವು. ನಮಗೆ ಉಳಿದದ್ದು ಎರಡು ಗಾಡಿಗಳ ನಡುವಿನ ಒಂದೇ ಸಂದು.

ಲೋಕೇಶ ಇಳಿದು ಸಂದಿಯುದ್ದಕ್ಕೂ ನಡೆದು ನೋಡಿದ. ಡಬ್ಬದ ಬಾಗಿಲು ತೆಗೆದು ಪಕ್ಕಕ್ಕೆ ಸಿಕ್ಕಿಸಿದ. ಕಟ್ಟೆಗೆ ಒರಗಿದ ಮೇಲೆ ಬಾಗಿಲು ತೆಗೆಯಲಾಗದು. ಆಮೇಲೆ ಗಾಡಿಯನ್ನು ಮುಂದಕ್ಕೆ ಒಯ್ದು, ಬಿಲ್ಲಿನ ಹಾಗೆ ಬಳಸಿ ತಂದು, ಡಬ್ಬದ ತುದಿ ತನ್ನ ಬಲಗಡೆ ಕಿಟಕಿಯಿಂದ ಕಾಣುವಂತೆ ತಿರುಗಿಸಿದ. ನಾನು ಅವನ ಬಲಗಡೆ ಕನ್ನಡಿಗೆ ಕಾಣುವಂತೆ ಹಿಂದೆ ನಿಂತೆ. ಗೋದಾಮಿನ ಹಮಾಲಿಗಳೆಲ್ಲ ಕಟ್ಟೆಯ ಅಂಚಿಗೆ ಬಂದು ನಿಂತರು.

"ಅರೆ, ಆಪಾ ಗೈಡು!" ಅಂದರು ಅವರ ಮೇಸ್ತ್ರಿ ಪಾಷಣ್ಣ, ಬಿಳಿಗಡ್ಡದವರು; ಆಪಾ ಅಂದರೆ ಅಕ್ಕ. "ಆರಾಮ್ ಸೇ ಆಪಾ, ಜಲ್ದಿ ಬ್ಯಾಡ."

ಗಾಡಿ ಬಂತು. "ಬರ್ಲಿ, ಬರ್ಲಿ!" ನನ್ನ ದನಿ ನನಗೇ ಇಷ್ಟವಾಯಿತು. ಅಷ್ಟು ದೊಡ್ಡ ಗಾಡಿ ನನ್ನ ಕೈಯಾಡಿದ ಕಡೆ ಬರುತ್ತಿತ್ತು. ಡಬ್ಬ ನೇರವಾದ ಹಾಗೆ ಅದರ ಎಡಮೂಲೆ ನನಗೆ ಮರೆಯಾಯಿತು. ಆ ಕಡೆ ಏನಿದೆಯೋ ಕಾಣಲಿಲ್ಲ. ಇದು ನನಗೆ ಗೊತ್ತಾಯಿತು, ಚೆನ್ನಾಗಿಯೇ ಗೊತ್ತಾಯಿತು. ಆದರೆ ಅಷ್ಟೂ ಜನ ನೋಡುತ್ತಿದ್ದರು. ಈಗ ನಿಲ್ಲಿಸಿದರೆ ಹೆಂಗಸಿಗೆ ತಿಳಿಯಲಿಲ್ಲ ಅನ್ನುತ್ತಾರೆ.

"ಬರ್ಲಿ!" ಅಂದೆ.

"ಹೋಲ್ಡೇನ್! ಹೋಲ್ಡೇನ್!" ಪಾಷಣ್ಣ ಅರಚಿ ಡಬ್ಬಕ್ಕೆ ದಬದಬ ಬಡಿದರು. ಬ್ರೇಕು ಬುಸ್ ಅಂದು ಗಾಡಿ ನಿಂತಿತು. ಎಡಗಡೆ, ಡಬ್ಬಕ್ಕೂ ಕಟ್ಟೆಗೂ ನಡುವೆ ಹನುಮಂತ ಅನ್ನುವ ಹಮಾಲಿ ಗೋಡೆಗೆ ಅಂಟಿಕೊಂಡು ನಿಂತಿದ್ದ. ಕೆಳಗೆ ಬಿದ್ದ ಹಲಗೆ ಎತ್ತಲು ಇಳಿದಿದ್ದನಂತೆ. ಅವನ ಎದೆಗೂ ಡಬ್ಬಕ್ಕೂ ಮಧ್ಯೆ ಒಂದು ಮೊಳ ಜಾಗವಿತ್ತು.

ಗೋದಾಮಿನ ಸೂಪರ್‌ವೈಸರ್ ಓಡಿ ಬಂದು ಲೋಕೇಶನ ಮೇಲೆ ಹರಿಹಾಯ್ದರು. "ಕಣ್ಣು ಎಲ್ಲಿಟ್ಟಿದ್ದೆ? ಗಾಡಿ ಆಚೆ ತಗಿ! ನಿಮ್ಮ ಓನರಿಗೆ ಈಗ್ಲೇ ಫೋನ್ ಮಾಡ್ತೀನಿ."

"ನಂದೇ ತಪ್ಪು ಸಾರ್. ಇನ್ನೊಂದ್ಸಲ ಇಳಿದು ನೋಡ್ಬೇಕಾಗಿತ್ತು" ಅಂದ ಲೋಕೇಶ. ನನ್ನ ಕಡೆ ತಿರುಗಿಯೂ ನೋಡಲಿಲ್ಲ.

ನಾನು ಅಲ್ಲೇ ನಿಂತು ಸೆರಗಿನ ತುದಿಯನ್ನು ಬೆರಳಿಗೆ ಸುತ್ತುತ್ತಿದ್ದೆ. ಅವನೇ ಹೊತ್ತುಕೊಂಡನಲ್ಲ, ಮುಗಿಯಿತಲ್ಲ ಎಂದು ಮನಸ್ಸು ಹೇಳಿತು. ಇದನ್ನು ಬರೆಯಲು ಈಗಲೂ ನಾಚಿಕೆಯಾಗುತ್ತದೆ. ಸೂಪರ್‌ವೈಸರ್ ಫೋನ್ ಕಿವಿಗೆ ಹಿಡಿದು, ನಿಮ್ಮ ಡ್ರೈವರಿಗೆ ಟ್ರೈಲರ್ ಓಡಿಸೋಕೆ ಬರಲ್ಲ ಅನ್ನುತ್ತಿದ್ದಾಗಷ್ಟೇ ನನಗೆ ಬಾಯಿ ಬಂತು.

"ಅವಂದಲ್ಲ ಸಾರ್, ನಂದು. ನಂಗೆ ಆ ಕಡೆ ಕಾಣ್ತಿರ್ಲಿಲ್ಲ. ಆದ್ರೂ ಬರ್ಲಿ ಅಂದ್ಬುಟ್ಟೆ."

"ಯಾಕಮ್ಮ?"

"ಎಲ್ಲಾರೂ ನೋಡ್ತಿದ್ರು ಸಾರ್."

ಅವರು ಫೋನಿನಲ್ಲಿ ಅದನ್ನೂ ಹೇಳಿದರು. ಆ ಕಡೆಯ ಮಾತು ಕೇಳಿಸಿಕೊಂಡು, "ಪಾಷಾ, ನೀವು ಗೈಡ್ ಮಾಡಿ. ಮಿಕ್ಕೋರೆಲ್ಲ ಹಿಂದಕ್ಕೆ ಹೋಗಿ. ಈಯಮ್ಮ ಕ್ಯಾಬಿನ್ನಲ್ಲಿ ಕೂತ್ಕೊಳ್ಳಿ" ಅಂದರು.

ಲೋಕೇಶನ ಪಕ್ಕದಲ್ಲಿ ಕೂತು ಕನ್ನಡಿ ನೋಡಿದೆ. ಬಲಗಡೆಯದರಲ್ಲಿ ಡಬ್ಬದ ಉದ್ದನೆ ಗೋಡೆ, ಅದರ ಕೊನೆಯಲ್ಲಿ ಹುಣಸೆಬೀಜದಷ್ಟು ಪಾಷಣ್ಣ, ಅವರ ಒಂದು ಕೈ. ಎಡಗಡೆಯದರಲ್ಲಿ ಪಕ್ಕದ ಲಾರಿ. ಹಿಂದೆ ಏನಿದೆಯೋ ಯಾವ ಕನ್ನಡಿಯಲ್ಲೂ ಇಲ್ಲ.

"ಇಷ್ಟೇ ಏನ್ಲಾ ಕಾಣೋದು?"

"ಇಷ್ಟೇ ಕಣಕ್ಕ."

ಇಷ್ಟು ನಂಬಿಕೊಂಡು ಅವನು ನನ್ನ ಮಾತಿನ ಮೇಲೆ ಹಿಂದೆ ಬಂದಿದ್ದ.

ಅವನು ಒಂದು ಸಲ ಮುಂದೆ ಹೋಗಿ ನೇರ ಮಾಡಿಕೊಂಡ. ಎರಡು ಸಲ ಇಳಿದು ಎರಡೂ ಕಡೆ ನೋಡಿ ಬಂದ. ಪಾಷಣ್ಣನ ಕೈ ಮೆಲ್ಲಗೆ ಕರೆಯಿತು, ಇನ್ನೂ ಮೆಲ್ಲಗೆ, ಆಮೇಲೆ ಮುಷ್ಟಿಯಾಯಿತು. ಹಿಂದಿನಿಂದ ಧಪ್ ಎಂದು ಮೆತ್ತನೆ ಸದ್ದು, ಕಟ್ಟೆಯ ರಬ್ಬರಿಗೆ ಡಬ್ಬ ತಾಗಿದ್ದು. ಲೋಕೇಶ ಸ್ಟೇರಿಂಗ್ ಮೇಲೆ ಹಣೆಯಿಟ್ಟು ಜೋರಾಗಿ ನಕ್ಕ. ನನಗೆ ನಗುವೂ ಅಳುವೂ ಒಟ್ಟಿಗೇ ಬಂದವು. ಪಾಷಣ್ಣ ಕೆಳಗಿನಿಂದಲೇ "ಶಾಬಾಶ್ ಬೇಟಾ!" ಅಂದರು.

ಮೂಟೆ ಇಳಿಯುವಾಗ ಹನುಮಂತನ ಹತ್ತಿರ ಹೋದೆ. ಟೀ ಕುಡಿಯುತ್ತಿದ್ದ. "ಇನ್ನೊಂದ್ ಮೊಳ ಬಂದಿದ್ರೆ ನನ್ ಫೋಟೋಗೆ ಹೂವಿನಾರ ಹಾಕ್ತಿದ್ರು ಕಣಕ್ಕ" ಎಂದು ನಗಿಸಲು ನೋಡಿದ. ಲೋಟದ ಟೀ ಅವನ ಅಂಗಿಯ ಮೇಲೆ ಚೆಲ್ಲುತ್ತಿತ್ತು. ಲೋಟವನ್ನು ನಾನು ಹಿಡಿದುಕೊಂಡೆ. ತಪ್ಪಾಯಿತಪ್ಪ ಅನ್ನಬೇಕೆಂದೇ ಹೋದವಳು, ಅನ್ನದೆ ಬಂದೆ.

ಹೊರಡುವಾಗ ಮಾಲೀಕರ ಫೋನ್ ಬಂತು. ಲೋಕೇಶ ಸ್ಪೀಕರಿಗೆ ಹಾಕಿದ. "ಗಾಡಿ ನೀನೇ ಇಟ್ಕೋ. ಆದ್ರೆ ನಿಮ್ಮಕ್ಕ ಇನ್ಮೇಲೆ ಗಾಡಿ ಹತ್ತಂಗಿಲ್ಲ. ಮಧುಗಿರೀಲಿ ಇಳಿಸ್ಬುಡು."

"ಸಾರ್, ಅಕ್ಕ ಏನೋ ಗೊತ್ತಿಲ್ದೆ..."

"ಗೊತ್ತಿತ್ತು ಕಣ್ಲಾ. ಆಯ್ತು ಅನ್ನು" ಅಂದೆ.

ಮಧುಗಿರಿ ಬಸ್ ನಿಲ್ದಾಣದ ಹತ್ತಿರ ಇಳಿದೆ. ಕೊರಟಗೆರೆಯ ಸರ್ಕಾರಿ ಬಸ್ ನಿಂತಿತ್ತು. ಹೆಂಗಸರಿಗೆ ಟಿಕೆಟ್ ದುಡ್ಡಿಲ್ಲ. ಲೋಕೇಶನ ಮುಂದೆ ಒಂದು ಗೂಡ್ಸ್ ಆಟೋ ಕೆಟ್ಟು ನಿಂತಿದ್ದರಿಂದ ಅವನು ಒಂದಿಷ್ಟು ಹಿಂದೆ ಬಂದು ಹೋಗಬೇಕಾಗಿತ್ತು. ಎಂಜಿನ್ ನಿಲ್ಲಿಸಿ ಇಳಿದ, ಗಾಡಿಯ ಸುತ್ತ ನಡೆದು ನೋಡಿದ, ಮತ್ತೆ ಹತ್ತಿದ. ಹಿಂದೆ ನೋಡು ಎಂದು ನನ್ನನ್ನು ಕೇಳಲಿಲ್ಲ. ಹೋಗಿ ಬಾ ಎಂದು ಕೈ ಬೀಸಬೇಕೆನಿಸಿತು. ಆದರೆ ನಾನು ಅವನ ಕನ್ನಡಿಗೆ ಬೀಳುವ ಕಡೆಯೇ ನಿಂತಿದ್ದೆ; ಕೈ ಆಡಿದರೆ ಬರ್ಲಿ ಅಂದ ಹಾಗೆ. ಎರಡೂ ಕೈಯಲ್ಲಿ ಚೀಲ ಬಿಗಿಯಾಗಿ ಹಿಡಿದುಕೊಂಡೆ. ಗಾಡಿ ಹಿಂದೆ ಬಂದು, ಹೊರಳಿ, ಮುಂದಕ್ಕೆ ಹೊರಟು ರಸ್ತೆ ಹಿಡಿದ ಮೇಲೆಯೇ ಕೈ ಎತ್ತಿದೆ.